ದುಬಾರಿ ಕಾರಿನ ತವರು ಯಾವುದು? ಬಿಡಿಭಾಗಗಳ ಮೂಲ ಮತ್ತು ಬದಲಿ ಕಾರಿನ ಲೆಕ್ಕ

2014ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಗೇಡನ್‌ನಲ್ಲಿ ನೆಲೆಗೊಂಡಿರುವ ಆಸ್ಟನ್ ಮಾರ್ಟಿನ್ ಕಂಪನಿ ತನ್ನ 17,590 ಕಾರುಗಳನ್ನು ದುರಸ್ತಿಗಾಗಿ ವಾಪಸು ಕರೆಸಿಕೊಂಡಿತು. 2007ರ ನವೆಂಬರ್‌ನಿಂದ ತಯಾರಾಗಿದ್ದ ಎಡಬದಿ ಸ್ಟೀರಿಂಗಿನ ಕಾರುಗಳೂ 2012ರ ಮೇ ತಿಂಗಳಿನಿಂದ ತಯಾರಾಗಿದ್ದ ಬಲಬದಿ ಸ್ಟೀರಿಂಗಿನ ಕಾರುಗಳೂ ಆ ಪಟ್ಟಿಯಲ್ಲಿದ್ದವು. ಅಂದರೆ 2007ರ ಕೊನೆಯಿಂದ ಕಂಪನಿ ತಯಾರಿಸಿದ್ದ ಕಾರುಗಳಲ್ಲಿ ಸುಮಾರು ಮುಕ್ಕಾಲು ಪಾಲು. ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಗೇರ್‌ಬಾಕ್ಸಿನಲ್ಲೂ ಇರಲಿಲ್ಲ. ದೋಷವಿದ್ದದ್ದು ಚಾಲಕನ ಬಲಗಾಲಿನ ಕೆಳಗೆ, ಆಕ್ಸಲರೇಟರ್ ಪೆಡಲಿನ ಪ್ಲಾಸ್ಟಿಕ್ ತೋಳಿನಲ್ಲಿ. ಅದು ಮುರಿದರೆ ಎಂಜಿನ್ ತಾನಾಗಿ ಐಡಲ್ ಸ್ಥಿತಿಗೆ ಇಳಿಯುತ್ತಿತ್ತು. ಹೆದ್ದಾರಿಯಲ್ಲಿ ವೇಗವಾಗಿ ಸಾಗುತ್ತಿರುವ ಕಾರು ಇದ್ದಕ್ಕಿದ್ದಂತೆ ಕಾಲಿನ ಮಾತು ಕೇಳದಂತಾಗುವ ಅಪಾಯವಿತ್ತು.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಗೆ ಕಂಪನಿ ಸಲ್ಲಿಸಿದ ದಾಖಲೆಗಳು ಆ ತೋಳು ನಡೆದು ಬಂದ ದಾರಿಯನ್ನು ತೋರಿಸುತ್ತವೆ. ಪೆಡಲಿನ ಜೋಡಣೆಯನ್ನು ಪೂರೈಸುತ್ತಿದ್ದದ್ದು ಬ್ರಿಟನ್ನಿನದೇ ಒಂದು ಕಂಪನಿ. ಆದರೆ ತೋಳನ್ನು ಅಚ್ಚಿಗೆ ಹೊಯ್ಯುವ ಕೆಲಸ ಉಪಗುತ್ತಿಗೆಯಾಗಿ ಚೀನಾದ ಶೆನ್‌ಝೆನ್‌ಗೆ ಹೋಗಿತ್ತು. ಅಚ್ಚಿಗೆ ಹೊಯ್ದ ಪ್ಲಾಸ್ಟಿಕ್ ಡಾಂಗ್‌ಗುವಾನ್‌ನ ಮತ್ತೊಂದು ಕಂಪನಿಯಿಂದ ಬಂದಿತ್ತು, ಮತ್ತು ಅದು ಡ್ಯುಪಾಂಟ್ ಕಂಪನಿಯ ಹೆಸರು ಹೊತ್ತ ನಕಲಿ ಮಾಲಾಗಿತ್ತು. ಇಷ್ಟಾದ ಮೇಲೆ ಆಸ್ಟನ್ ಮಾರ್ಟಿನ್ ಪೆಡಲಿನ ತೋಳಿನ ತಯಾರಿಕೆಯನ್ನು ಬ್ರಿಟನ್ನಿಗೆ ತರುವುದಾಗಿ ಹೇಳಿತು. ಕೈಯಿಂದ ಹೊಲಿದ ಚರ್ಮದ ಆಸನಗಳಿಗೆ ಹೆಸರಾದ ಕಾರಿನಲ್ಲಿ ಕಾಲಿಡುವ ಪೆಡಲಿನ ಪ್ಲಾಸ್ಟಿಕ್ ಎಲ್ಲಿಯದೆಂಬುದು ಕಾರಿನ ಮೇಲೆ ಹೆಸರು ಬರೆದವರಿಗೇ ವರ್ಷಗಟ್ಟಲೆ ತಿಳಿದಿರಲಿಲ್ಲ.

ಈ ಪ್ರಸಂಗವನ್ನು ಆಗ ಅನೇಕರು ಚೀನಾದ ಮಾಲು ಕಳಪೆ ಎಂಬ ಮಾತಿಗೆ ಸಾಕ್ಷಿಯಾಗಿ ಬಳಸಿಕೊಂಡರು. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಓದು. ಶೆನ್‌ಝೆನ್‌ನಲ್ಲಿ ಜಗತ್ತಿನ ಅತ್ಯಂತ ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಉಪಕರಣಗಳೂ ತಯಾರಾಗುತ್ತವೆ. ಇಲ್ಲಿ ಸೋತದ್ದು ಒಂದು ದೇಶವಲ್ಲ, ತಿಳಿವಳಿಕೆ. ಕಾರು ಕಂಪನಿಗೆ ತನ್ನ ನೇರ ಪೂರೈಕೆದಾರ ಗೊತ್ತಿದ್ದ. ಅವನ ಪೂರೈಕೆದಾರನ ವಿಷಯ ಮಸುಕಾಗಿತ್ತು. ಅದರ ಆಚೆಗೆ ಕತ್ತಲೆ. ಕಾರು ಕೊಳ್ಳುವವರು ಕೇಳಬೇಕಾದದ್ದು ‘ಈ ಭಾಗ ವಿದೇಶದ್ದೇ?’ ಎಂದಲ್ಲ, ‘ಇದು ಎಲ್ಲಿಂದ ಬಂತೆಂದು ನಿಮಗೆ ಗೊತ್ತಿದೆಯೇ, ಗೊತ್ತಿದ್ದರೆ ನನಗೇಕೆ ಹೇಳುತ್ತಿಲ್ಲ?’ ಎಂದು.

ದುಬಾರಿ ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ‘ವಿದೇಶಿ’ ಎಂಬ ಮಾತಿಗೇ ನಿಲುಗಡೆಯಿಲ್ಲ. ಪೋರ್ಷೆ ಎಂದೊಡನೆ ನೆನಪಾಗುವುದು ಸ್ಟುಟ್‌ಗಾರ್ಟ್‌ನ ಝುಫೆನ್‌ಹೌಸೆನ್ ಕಾರ್ಖಾನೆ. ಆದರೆ 1997ರಿಂದ 2011ರವರೆಗೆ ಬಾಕ್ಸ್‌ಸ್ಟರ್ ಮತ್ತು ಆಮೇಲೆ ಬಂದ ಕೇಮನ್ ಮಾದರಿಯ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳು ಫಿನ್‌ಲೆಂಡಿನ ಊಸಿಕೌಪುಂಕಿ ಎಂಬ ಪುಟ್ಟ ಊರಿನಲ್ಲಿ, ವಾಲ್ಮೆಟ್ ಕಂಪನಿಯ ಕಾರ್ಖಾನೆಯಲ್ಲಿ ಜೋಡಣೆಯಾದವು. ಚಾಸಿಸ್ ಸಂಖ್ಯೆಯ ಒಂದು ಅಕ್ಷರದಿಂದ ಯಾವ ಕಾರು ಜರ್ಮನಿಯದು, ಯಾವುದು ಫಿನ್‌ಲೆಂಡಿನದು ಎಂದು ತಿಳಿಯಬಹುದಾಗಿತ್ತು. ಆ ಅಕ್ಷರ ನೋಡಿ ಹಳೆಯ ಕಾರಿಗೆ ಬೆಲೆ ಕಟ್ಟಿದವರೂ ಇದ್ದರು. ಎರಡೂ ಕಾರ್ಖಾನೆಗಳಿಗೆ ಎಂಜಿನ್ ಹೋಗುತ್ತಿದ್ದದ್ದು ಒಂದೇ ಕಡೆಯಿಂದ ಎಂಬುದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

2019ರಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಸುಪ್ರಾ ಇನ್ನೂ ಒಳ್ಳೆಯ ಉದಾಹರಣೆ. ಹೆಸರು ಜಪಾನಿನದು, ಅಭಿಮಾನಿಗಳ ನೆನಪೂ ಜಪಾನಿನದು. ಆದರೆ ಕಾರು ಜೋಡಣೆಯಾದದ್ದು ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿರುವ ಮ್ಯಾಗ್ನಾ ಸ್ಟೈರ್ ಕಾರ್ಖಾನೆಯಲ್ಲಿ, ಬಿಎಂಡಬ್ಲ್ಯು ಝಡ್4 ಕಾರಿನ ಜೊತೆಜೊತೆಗೆ. ಎಂಜಿನ್ ಬಿಎಂಡಬ್ಲ್ಯುದು, ಎಂಟು ಗೇರುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜರ್ಮನಿಯ ಝಡ್‌ಎಫ್ ಕಂಪನಿಯದು, ಮ್ಯಾಗ್ನಾ ಕೆನಡಾ ಮೂಲದ ಸಮೂಹ. ಈ ಕಾರಿಗೆ ತವರು ಯಾವುದು ಎಂದು ಕೇಳಿದರೆ ಮಾರುಕಟ್ಟೆ ವಿಭಾಗದವರು ಒಂದು ಉತ್ತರ ಕೊಡುತ್ತಾರೆ, ಕಸ್ಟಮ್ಸ್ ಅಧಿಕಾರಿ ಇನ್ನೊಂದನ್ನು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಈ ಗೊಂದಲಕ್ಕೆ ಕಾನೂನಿನ ಮೂಲಕ ಉತ್ತರ ಕೊಡಲು ಹೊರಟ ದೇಶ ಅಮೆರಿಕ. ಅಲ್ಲಿನ ಸಂಸತ್ತು 1992ರಲ್ಲಿ ಅಂಗೀಕರಿಸಿದ ವಾಹನ ವಿವರಚೀಟಿ ಕಾಯ್ದೆಯ ಪ್ರಕಾರ, 1994ರ ಅಕ್ಟೋಬರ್‌ನಿಂದ ಮಾರಾಟಕ್ಕಿರುವ ಪ್ರತಿ ಹೊಸ ಕಾರಿನ ಗಾಜಿಗೂ ಒಂದು ಚೀಟಿ ಅಂಟಿಸಬೇಕು. ಅಮೆರಿಕ ಮತ್ತು ಕೆನಡಾದ ಭಾಗಗಳ ಮೌಲ್ಯ ಶೇಕಡಾ ಎಷ್ಟು, ಶೇ 15 ಅಥವಾ ಅದಕ್ಕಿಂತ ಹೆಚ್ಚು ಭಾಗಗಳನ್ನು ಒದಗಿಸಿದ ಬೇರೆ ದೇಶಗಳು ಯಾವುವು, ಕೊನೆಯ ಜೋಡಣೆ ಯಾವ ಊರಿನಲ್ಲಿ ನಡೆಯಿತು, ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವ ದೇಶದವು ಎಂಬ ವಿವರಗಳು ಅದರಲ್ಲಿರುತ್ತವೆ. ಕೊಳ್ಳುವವನ ಕೈಗೆ ಇಷ್ಟಾದರೂ ಮಾಹಿತಿ ಸಿಗಬೇಕೆಂದು ಒಂದು ಸರ್ಕಾರ ಹಟ ಹಿಡಿದದ್ದು ಮೆಚ್ಚಬೇಕಾದ ವಿಷಯ.

ಆದರೆ ಆ ಚೀಟಿಯನ್ನು ಓದುವ ಕಲೆ ಬೇರೆ. ಶೇಕಡಾವಾರು ಅಂಕಿ ನಿಮ್ಮ ಮುಂದೆ ನಿಂತಿರುವ ಕಾರಿನದಲ್ಲ, ಆ ಮಾದರಿಯ ಎಲ್ಲ ಕಾರುಗಳ ಸರಾಸರಿ. ಅಮೆರಿಕ ಮತ್ತು ಕೆನಡಾ ಎರಡನ್ನೂ ಕೂಡಿಸಿಯೇ ಹೇಳುವುದರಿಂದ ಅವುಗಳನ್ನು ಬಿಡಿಸಿ ನೋಡುವುದು ಸಾಧ್ಯವಿಲ್ಲ. ಹೊರಗಿನ ಪೂರೈಕೆದಾರ ಕೊಟ್ಟ ಭಾಗದ ಮೌಲ್ಯದಲ್ಲಿ ಶೇ 70ರಷ್ಟು ಅಮೆರಿಕ ಅಥವಾ ಕೆನಡಾದ್ದಾಗಿದ್ದರೆ ಅದನ್ನು ಶೇ 100 ಎಂದೇ ಬರೆದುಕೊಳ್ಳಲು ನಿಯಮ ಒಪ್ಪುತ್ತದೆ. ಉಳಿದ ಶೇ 30 ಅಲ್ಲಿಗೇ ಕಣ್ಮರೆಯಾಗುತ್ತದೆ. ಕೊನೆಯ ಜೋಡಣೆಯ ಕೂಲಿ ಈ ಲೆಕ್ಕದಲ್ಲಿ ಸೇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಮೌಲ್ಯದ ಲೆಕ್ಕ. ಕೆಲವೇ ಡಾಲರ್ ಬೆಲೆಯ ಪೆಡಲಿನ ತೋಳು ಲಕ್ಷ ಡಾಲರಿನ ಕಾರಿನಲ್ಲಿ ಎಷ್ಟು ಶೇಕಡಾ ಆದೀತು? ಕಾರನ್ನು ಮೂಲೆಗೆ ತಳ್ಳಿದ ಭಾಗ ಚೀಟಿಯಲ್ಲಿ ಎಂದೂ ಕಾಣಿಸಿಕೊಳ್ಳುವುದಿಲ್ಲ.

ಬೆಂಗಳೂರಿಗೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು. ಮರ್ಸಿಡೀಸ್ ಬೆಂಜ್ ಕಂಪನಿ 1996ರಲ್ಲಿ ನಮ್ಮ ನಗರದಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಇಂದು ಜರ್ಮನಿಯ ಹೊರಗೆ ಆ ಕಂಪನಿಯ ಅತಿದೊಡ್ಡ ಸಂಶೋಧನಾ ಕೇಂದ್ರ ಅದೇ. ಬಾಷ್ ಕಂಪನಿಯ ಸಾವಿರಾರು ಎಂಜಿನಿಯರುಗಳು ಇಲ್ಲಿ ಕುಳಿತು ಯುರೋಪಿನ ಕಾರುಗಳ ಬ್ರೇಕು, ಎಂಜಿನ್ನುಗಳ ನಿಯಂತ್ರಣ ತಂತ್ರಾಂಶ ಬರೆಯುತ್ತಾರೆ. ಇಂದಿನ ದುಬಾರಿ ಕಾರಿನಲ್ಲಿ ಬ್ರೇಕು ಎಷ್ಟು ಬಿಗಿಯಾಗಿ ಹಿಡಿಯಬೇಕು, ತಿರುವಿನಲ್ಲಿ ಯಾವ ಚಕ್ರಕ್ಕೆ ಎಷ್ಟು ಬಲ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಇಂಥ ತಂತ್ರಾಂಶವೇ. ವಿವರಚೀಟಿಯಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.

ಚೀಟಿ ಹೇಳದಿರುವುದು ಎಷ್ಟು ಭಾರವಾಗಬಲ್ಲದು ಎಂಬುದು ಆಸ್ಟನ್ ಮಾರ್ಟಿನ್ ಪ್ರಸಂಗದ ಹತ್ತು ವರ್ಷಗಳ ನಂತರ, 2024ರ ಫೆಬ್ರುವರಿಯಲ್ಲಿ ಬಯಲಾಯಿತು. ಸುಮಾರು ಸಾವಿರ ಪೋರ್ಷೆ, ಕೆಲವು ನೂರು ಬೆಂಟ್ಲಿ ಮತ್ತು ಕೆಲವು ಸಾವಿರ ಆಡಿ ಕಾರುಗಳು ಅಮೆರಿಕದ ಬಂದರುಗಳಲ್ಲಿ ನಿಂತುಬಿಟ್ಟವು. ಮೂರೂ ಫೋಕ್ಸ್‌ವ್ಯಾಗನ್ ಸಮೂಹದವು. ಕಾರಣ ಒಂದು ಚಿಕ್ಕ ಎಲೆಕ್ಟ್ರಾನಿಕ್ ಬಿಡಿಭಾಗ: ಕಾರಿನೊಳಗಿನ ಜಾಲಸಂಪರ್ಕಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರ್. ಅದನ್ನು ತಯಾರಿಸಿದ್ದು ಚೀನಾದ ಸಿಚುವಾನ್ ಪ್ರಾಂತ್ಯದ ಜಿಂಗ್‌ವೇಯ್ಡಾ ಎಂಬ ಕಂಪನಿ. 2023ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಆ ಕಂಪನಿಯನ್ನು ಉಯ್ಗುರ್ (ಚೀನಾದ ಒಂದು ಮುಸ್ಲಿಂ ಅಲ್ಪಸಂಖ್ಯಾತ ಸಮುದಾಯ) ಬಲವಂತದ ದುಡಿಮೆ ತಡೆ ಕಾಯ್ದೆಯ ನಿಷೇಧಪಟ್ಟಿಗೆ ಸೇರಿಸಿತ್ತು. 2021ರ ಕೊನೆಯಲ್ಲಿ ಅಂಗೀಕಾರವಾಗಿ 2022ರ ಜೂನ್‌ನಲ್ಲಿ ಜಾರಿಗೆ ಬಂದ ಈ ಕಾಯ್ದೆಯಡಿ, ಪಟ್ಟಿಯಲ್ಲಿರುವ ಕಂಪನಿಯ ಮಾಲು ಬಲವಂತದ ದುಡಿಮೆಯದೆಂದೇ ಭಾವಿಸಲಾಗುತ್ತದೆ. ಅಲ್ಲವೆಂದು ಸಾಧಿಸುವ ಹೊಣೆ ಆಮದುದಾರನದು.

2024ರ ಮೇ ತಿಂಗಳಲ್ಲಿ ಸೆನೆಟರ್ ರಾನ್ ವೈಡನ್ ಅಧ್ಯಕ್ಷತೆಯ ಸೆನೆಟ್ ಹಣಕಾಸು ಸಮಿತಿಯ ತನಿಖಾ ವರದಿ ಹೊರಬಂತು. ಚೀನಾದ ಕಂಪನಿ ತನ್ನ ಭಾಗವನ್ನು ಕ್ಯಾಲಿಫೋರ್ನಿಯಾದ ಬಾರ್ನ್ಸ್ ಕಂಪನಿಗೆ ಕೊಡುತ್ತಿತ್ತು; ಬಾರ್ನ್ಸ್ ಅದನ್ನು ಲಿಯರ್ ಎಂಬ ದೊಡ್ಡ ಪೂರೈಕೆದಾರನಿಗೆ ಕೊಡುತ್ತಿತ್ತು; ಲಿಯರ್ ಅದನ್ನು ಒಳಗೊಂಡ ಎಲೆಕ್ಟ್ರಾನಿಕ್ ಘಟಕಗಳನ್ನು ಕಾರು ಕಂಪನಿಗಳಿಗೆ ತಲುಪಿಸುತ್ತಿತ್ತು. ನಿಷೇಧದ ಸಂಗತಿ ತಿಳಿದ ಮೇಲೆ 2024ರ ಜನವರಿಯಲ್ಲಿ ಲಿಯರ್ ಎಲ್ಲರಿಗೂ ಪತ್ರ ಬರೆಯಿತು. ಫೋಕ್ಸ್‌ವ್ಯಾಗನ್ ತಾನಾಗಿ ಕಸ್ಟಮ್ಸ್ ಇಲಾಖೆಗೆ ವಿಷಯ ತಿಳಿಸಿ, ಬಂದರಿನಲ್ಲೇ ಭಾಗಗಳನ್ನು ಬದಲಾಯಿಸಲು ಮುಂದಾಯಿತು. ಬಿಎಂಡಬ್ಲ್ಯು ನಿಷೇಧದ ನಂತರವೂ ಆ ಭಾಗವಿದ್ದ ಕನಿಷ್ಠ 8,000 ಮಿನಿ ಕಾರುಗಳನ್ನು ಆಮದು ಮಾಡಿಕೊಂಡಿತ್ತೆಂದು ವರದಿ ಹೇಳಿತು. ಟಾಟಾ ಸಮೂಹಕ್ಕೆ ಸೇರಿದ ಜಾಗ್ವಾರ್ ಲ್ಯಾಂಡ್ ರೋವರ್ ಸಿಕ್ಕಿಬಿದ್ದದ್ದು ಹೊಸ ಕಾರುಗಳಿಂದಲ್ಲ, ಹಳೆಯ ಮಾದರಿಗಳಿಗೆಂದು ತರಿಸುತ್ತಿದ್ದ ಸ್ಪೇರ್ ಪಾರ್ಟ್‌ಗಳಿಂದ. ಆಮೇಲೆ ಅದು ಆ ಭಾಗಗಳನ್ನು ಬೇರ್ಪಡಿಸಿ ಇಟ್ಟಿತು.

ಈ ಕೊನೆಯ ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ. ವಿದೇಶಿ ಬಿಡಿಭಾಗದ ಚರ್ಚೆಯೆಲ್ಲ ಶೋರೂಮಿನಲ್ಲಿ ಮಿನುಗುವ ಹೊಸ ಕಾರಿನ ಸುತ್ತಲೇ ನಡೆಯುತ್ತದೆ. ಆದರೆ ಕಾರಿನ ಆಯುಷ್ಯದ ಬಹುಭಾಗ ಕಳೆಯುವುದು ಮಾರಾಟದ ನಂತರ, ಮತ್ತು ಆಗ ಅದನ್ನು ಓಡಿಸುತ್ತಿರುವುದು ಸ್ಪೇರ್ ಪಾರ್ಟ್‌ಗಳ ಪೂರೈಕೆ. ಹೊಸ ಕಾರಿನ ಗಾಜಿಗೆ ಚೀಟಿ ಇದೆ. ಐದನೇ ವರ್ಷ ಅದೇ ಕಾರಿಗೆ ಹಾಕುವ ಎಲೆಕ್ಟ್ರಾನಿಕ್ ಘಟಕದ ಒಳಗಿನ ಟ್ರಾನ್ಸ್‌ಫಾರ್ಮರ್ ಎಲ್ಲಿಯದೆಂದು ಹೇಳುವ ಚೀಟಿ ಎಲ್ಲೂ ಇಲ್ಲ.

ಬಿಡಿಭಾಗ ಬಾರದೆ ಕಾರು ನಿಲ್ಲುವುದಕ್ಕೆ ನಿಷೇಧವೇ ಬೇಕೆಂದಿಲ್ಲ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ, ಪಶ್ಚಿಮ ಉಕ್ರೇನಿನ ಸ್ಟ್ರೈ ಮತ್ತು ಕೊಲೊಮಿಯಾ ಊರುಗಳಲ್ಲಿದ್ದ ಲಿಯೊನಿ ಕಂಪನಿಯ ವೈರಿಂಗ್ ಹಾರ್ನೆಸ್ ಕಾರ್ಖಾನೆಗಳು ನಿಂತವು, ಅದರ ಹಿಂದೆಯೇ ಪೋರ್ಷೆಯ ಲೈಪ್‌ಸಿಗ್ ಕಾರ್ಖಾನೆಯೂ ನಿಂತಿತು. ಹಾರ್ನೆಸ್ ಎಂದರೆ ಕಾರಿನ ನರಮಂಡಲವಿದ್ದಂತೆ. ಕಿಲೋಮೀಟರುಗಟ್ಟಲೆ ತಂತಿಯನ್ನು ಹೆಚ್ಚಾಗಿ ಕೈಯಿಂದಲೇ ಕಟ್ಟಬೇಕು, ಗ್ರಾಹಕ ಆರಿಸಿದ ಸೌಲಭ್ಯಗಳಿಗೆ ತಕ್ಕಂತೆ ಅದು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಕೂಲಿ ಅಗ್ಗವಿರುವಲ್ಲಿಗೆ ಈ ಕೆಲಸ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. 2025ರ ಅಕ್ಟೋಬರ್‌ನಲ್ಲಿ ನೆದರ್‌ಲೆಂಡ್ಸ್ ಸರ್ಕಾರ ಚೀನಿ ಒಡೆತನದ ನೆಕ್ಸ್‌ಪೀರಿಯಾ ಚಿಪ್ ಕಂಪನಿಯನ್ನು ಹತೋಟಿಗೆ ತೆಗೆದುಕೊಂಡಿದ್ದು ಬಹಿರಂಗವಾದಾಗಲೂ ಇದೇ ಆಯಿತು. ಅದರ ಚಿಪ್‌ನ ಬಿಲ್ಲೆಗಳು ಹ್ಯಾಂಬರ್ಗ್‌ನಂಥ ಯುರೋಪಿನ ಊರುಗಳಲ್ಲಿ ತಯಾರಾಗುತ್ತಿದ್ದರೂ, ಅವುಗಳನ್ನು ಕತ್ತರಿಸಿ ಕವಚ ಹಾಕುವ ಕೆಲಸದ ಬಹುಪಾಲು ನಡೆಯುತ್ತಿದ್ದದ್ದು ಚೀನಾದಲ್ಲಿ, ಅದೇ ಡಾಂಗ್‌ಗುವಾನ್‌ನಲ್ಲಿ. ಚೀನಾ ರಫ್ತು ತಡೆಯಿತು. ಯುರೋಪು, ಜಪಾನ್, ಅಮೆರಿಕಗಳ ಕಾರು ಕಂಪನಿಗಳು ಪುಡಿಗಾಸಿನ ಚಿಪ್ಪುಗಳಿಗಾಗಿ ಪರದಾಡಿದವು.

ಇಂಥ ದಿನಗಳಲ್ಲಿ ಕಾರಿನ ಮಾಲೀಕನಿಗೆ ಸಿಗುವುದು ಸರ್ವೀಸ್ ಸೆಂಟರಿನ ಒಂದೇ ಮಾತು: ‘ಪಾರ್ಟ್ ಹೊರದೇಶದಿಂದ ಬರಬೇಕು, ಸ್ವಲ್ಪ ತಡವಾಗುತ್ತದೆ.’ ಆ ಮಾತಿನ ಜೊತೆಗೆ ಕೆಲವೊಮ್ಮೆ ಬದಲಿ ಕಾರಿನ ಕೀಲಿಕೈಯೂ ಸಿಗುತ್ತದೆ. ಅಮೆರಿಕದಲ್ಲಿ ಲೋನರ್ ಎಂದು ಕರೆಯುವ ಈ ಬದಲಿ ಕಾರು ದುಬಾರಿ ಬ್ರ್ಯಾಂಡುಗಳ ಮಾರಾಟದ ಒಂದು ಅಂಗವೇ ಆಗಿದೆ. ಕೊಳ್ಳುವಾಗ ಅದನ್ನು ಉಪಚಾರವೆಂಬಂತೆ ಹೇಳುತ್ತಾರೆ. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ: ಪೂರೈಕೆ ಸರಪಳಿಯ ಅನಿಶ್ಚಯಕ್ಕೆ ಕಂಪನಿ ಮೊದಲೇ ತೆಗೆದಿಟ್ಟ ವಿಮೆ ಅದು. ಭಾಗ ನಾಳೆ ಬರುತ್ತದೆಂಬ ಭರವಸೆ ಇದ್ದಿದ್ದರೆ ಬದಲಿ ಕಾರುಗಳ ಸಾಲೇ ಬೇಕಾಗುತ್ತಿರಲಿಲ್ಲ.

ಉಪಚಾರವೆಂದು ಕೊಟ್ಟದ್ದರಿಂದಲೇ ಅದು ಹಕ್ಕಾಗಿ ಉಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ಬದಲಿ ಕಾರು ಎಷ್ಟು ದಿನ, ಯಾವ ಮಾದರಿ, ಯಾವ ದುರಸ್ತಿಗೆ ಎಂಬುದೆಲ್ಲ ಆಯಾ ಕಂಪನಿ ಮತ್ತು ಡೀಲರ್ ಹಾಕುವ ಷರತ್ತಿಗೆ ಬಿಟ್ಟದ್ದು. ಕೀಲಿಕೈ ಕೊಡುವ ಮುನ್ನ ಸಹಿ ಹಾಕಿಸಿಕೊಳ್ಳುವ ಪತ್ರದಲ್ಲಿ, ಅಪಘಾತವಾದರೆ ಗ್ರಾಹಕನ ಸ್ವಂತ ವಿಮೆಯೇ ಮೊದಲು ಹೊಣೆ ಹೊರಬೇಕೆಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ತನ್ನ ಸ್ಪೋರ್ಟ್ಸ್ ಕಾರು ಕಂಪನಿಯ ತಪ್ಪಿನಿಂದ ನಿಂತಿರುವಾಗ, ಕಂಪನಿಯ ಕಾರಿಗೆ ಬೀಳುವ ಗೀರಿಗೆ ತಾನು ಹೊಣೆಯಾಗುವ ಈ ಏರ್ಪಾಡನ್ನು ಓದಿ ನೋಡುವವರು ಕಡಿಮೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಅನೇಕರು ಇಂಥ ಕಾರುಗಳನ್ನು ಲೀಸಿಗೆ ಪಡೆದು ಓಡಿಸುವವರು. ಅವರು ಆ ಸಾಲನ್ನು ಹುಡುಕಿ ಓದಿ ಸಹಿ ಹಾಕಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ದುರಸ್ತಿಗೆ ನಿಂತ ದಿನಗಳನ್ನು ಎಣಿಸಿಟ್ಟುಕೊಳ್ಳುವುದೂ ಅಷ್ಟೇ ಮುಖ್ಯ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ, ಕೊಂಡ 18 ತಿಂಗಳು ಅಥವಾ 18,000 ಮೈಲಿಗಳ ಒಳಗೆ ವಾರಂಟಿ ದುರಸ್ತಿಗಾಗಿ ಕಾರು ಒಟ್ಟು 30 ದಿನಗಳಿಗಿಂತ ಹೆಚ್ಚು ಸರ್ವೀಸ್ ಸೆಂಟರಿನಲ್ಲಿ ಉಳಿದರೆ, ದುರಸ್ತಿಗೆ ಸಾಕಷ್ಟು ಅವಕಾಶ ಕೊಟ್ಟಾಯಿತೆಂದು ಕಾನೂನು ಗ್ರಾಹಕನ ಪರವಾಗಿ ಭಾವಿಸುತ್ತದೆ. ಹಣ ಅಥವಾ ಬೇರೆ ಕಾರು ಕೇಳಲು ಅದು ಆಧಾರ. ಕೈಯಲ್ಲಿ ಬದಲಿ ಕಾರಿದ್ದಾಗ ಮನುಷ್ಯ ಸಹಜವಾಗಿಯೇ ದಿನ ಎಣಿಸುವುದನ್ನು ಮರೆಯುತ್ತಾನೆ.

ಬದಲಿ ಕಾರಿಗೆ ಇನ್ನೊಂದು ಮುಖವಿದೆ, ಅದು ಗ್ರಾಹಕನಿಗೆ ಕಾಣದ ಮುಖ. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಬಿಎಂಡಬ್ಲ್ಯು ಮೇಲೆ 1.8 ಕೋಟಿ ಡಾಲರ್ ದಂಡ ವಿಧಿಸಿತು. ಅಮೆರಿಕದಲ್ಲಿನ ಚಿಲ್ಲರೆ ಮಾರಾಟದ ಅಂಕಿಗಳನ್ನು ಕಂಪನಿ ಉಬ್ಬಿಸಿ ತೋರಿಸಿತ್ತೆಂಬುದು ಆರೋಪ. ಅದರ ಒಂದು ಉಪಾಯ ಹೀಗಿತ್ತು: ಮಾರಾಟವಾಗದ ಕಾರುಗಳನ್ನು ಪ್ರದರ್ಶನದ ಕಾರು ಅಥವಾ ಬದಲಿ ಕಾರು ಎಂದು ಹೆಸರಿಸುವಂತೆ ಡೀಲರುಗಳಿಗೆ ಹಣ ಕೊಟ್ಟು, ಅವನ್ನೂ ಗ್ರಾಹಕರಿಗೆ ಮಾರಾಟವಾದವುಗಳ ಲೆಕ್ಕಕ್ಕೆ ಸೇರಿಸುವುದು. ಆರೋಪವನ್ನು ಒಪ್ಪದೆ, ನಿರಾಕರಿಸದೆ ಕಂಪನಿ ದಂಡ ಕಟ್ಟಿತು. ಗ್ರಾಹಕನಿಗೆ ಸೌಜನ್ಯವೆಂದು ತೋರುವ ಕಾರು ಹೂಡಿಕೆದಾರನಿಗೆ ಮಾರಾಟವೆಂದು ತೋರುತ್ತಿತ್ತು. ಭಾಗದ ಮೂಲದಂತೆ ಇಲ್ಲಿಯೂ, ನೋಡುವವನಿಗೆ ತಕ್ಕಂತೆ ಒಂದೇ ವಸ್ತುವಿಗೆ ಬೇರೆ ಬೇರೆ ಹೆಸರು.

ಕೆಲವು ತಿಂಗಳು ಓಡಿದ ಬದಲಿ ಕಾರುಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ಬೆಲೆ ಇಳಿದಿರುತ್ತದೆ, ಕಾರು ಹೊಸದರಂತೆಯೇ ಇರುತ್ತದೆ. ಒಳ್ಳೆಯ ವ್ಯವಹಾರವಾಗುವುದೂ ಉಂಟು. ಆದರೆ ವಾರಂಟಿಯ ಎಣಿಕೆ ಸಾಮಾನ್ಯವಾಗಿ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಡೀಲರ್ ಅದನ್ನು ಬದಲಿ ಕಾರಾಗಿ ರಸ್ತೆಗಿಳಿಸಿದ ದಿನದಿಂದ. ಅಮೆರಿಕದ ವ್ಯಾಪಾರ ಆಯೋಗದ ನಿಯಮದಂತೆ ಇಂಥ ಕಾರು ಬಳಸಿದ ಕಾರೇ ಆಗಿದ್ದು, ವಾರಂಟಿಯ ವಿವರವುಳ್ಳ ಖರೀದಿದಾರರ ಪತ್ರವನ್ನು ಅದರ ಮೇಲೆ ಪ್ರದರ್ಶಿಸಲೇಬೇಕು. ರಸ್ತೆಗಿಳಿಸಿದ ದಿನಾಂಕವನ್ನು ಬರಹದಲ್ಲಿ ಕೇಳಿ ಪಡೆಯದೆ ಮುಂಗಡ ಕೊಡಬಾರದು.

2025ರಲ್ಲಿ ಅಮೆರಿಕದ ಸುಂಕ ನೀತಿ ಈ ಚಿತ್ರಕ್ಕೆ ಇನ್ನೊಂದು ಮಡಿಕೆ ಸೇರಿಸಿತು. ಏಪ್ರಿಲ್ 3ರಿಂದ ಆಮದಾದ ಕಾರುಗಳ ಮೇಲೆ, ಮೇ 3ರಿಂದ ಅನೇಕ ಬಿಡಿಭಾಗಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ಬಿತ್ತು. ಆಮೇಲಿನ ಒಪ್ಪಂದಗಳಲ್ಲಿ ಬ್ರಿಟನ್ನಿನ ವರ್ಷಕ್ಕೆ ಮೊದಲ ಒಂದು ಲಕ್ಷ ಕಾರುಗಳಿಗೆ ಶೇ 10, ಯುರೋಪ್ ಮತ್ತು ಜಪಾನಿನ ಕಾರುಗಳಿಗೆ ಶೇ 15 ಎಂದು ಅದು ಇಳಿಯಿತು. ಅಮೆರಿಕದಲ್ಲಿ ಒಂದೂ ಕಾರ್ಖಾನೆಯಿಲ್ಲದ ಪೋರ್ಷೆಗೆ ಇದರಿಂದ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಹೊಸ ಕಾರಿನ ಬೆಲೆ ಏರಿದರೆ ಕೊಳ್ಳದೆ ಇರಬಹುದು. ಆದರೆ ಈಗಾಗಲೇ ಮನೆಯ ಮುಂದೆ ನಿಂತಿರುವ ಕಾರಿಗೆ ಹೊರದೇಶದ ಬಂಪರೋ ಗೇರ್‌ಬಾಕ್ಸೋ ಬೇಕಾದಾಗ ಮಾಲೀಕನಿಗೆ ಆಯ್ಕೆಯೆಂಬುದೇ ಇರುವುದಿಲ್ಲ. ಬಿಡಿಭಾಗದ ಮೇಲಿನ ಸುಂಕ ಹೀಗಾಗಿ ಕಾರಿನ ಮೇಲಿನ ಸುಂಕಕ್ಕಿಂತ ಹೆಚ್ಚು ಕಾಲ ಕಾಡುತ್ತದೆ.

ಭಾರತದಲ್ಲಿ ಬಿಡಿಭಾಗದ ಮೂಲ ಎನ್ನುವುದು ಮೊದಲಿನಿಂದಲೂ ತೆರಿಗೆಯ ಪ್ರಶ್ನೆಯಾಗಿಯೇ ಬೆಳೆದಿದೆ. 40,000 ಡಾಲರಿಗೆ ಮೇಲ್ಪಟ್ಟ ಬೆಲೆಯ, ಸಿದ್ಧವಾಗಿಯೇ ಹಡಗಿನಲ್ಲಿ ಬರುವ ಕಾರಿಗೆ ಒಟ್ಟು ಶೇ 110ರಷ್ಟು ಆಮದು ಸುಂಕವಿತ್ತು. 2025ರ ಬಜೆಟ್ಟಿನಲ್ಲಿ ಮೂಲ ಸುಂಕವನ್ನು ಶೇ 70ಕ್ಕೆ ಇಳಿಸಿ ಶೇ 40ರ ಉಪಕರ ಸೇರಿಸಿದ್ದರಿಂದ ಮೊತ್ತದಲ್ಲಿ ವ್ಯತ್ಯಾಸವಾಗಲಿಲ್ಲ. ಅದೇ ಕಾರನ್ನು ಬಿಚ್ಚಿ ಪೆಟ್ಟಿಗೆಗಳಲ್ಲಿ ತಂದು ಇಲ್ಲಿ ಜೋಡಿಸಿದರೆ ಸುಂಕ ಬಹಳ ಕಡಿಮೆ. ಬಿಡಿ ಬಿಡಿ ಭಾಗಗಳೆಂದು ತಂದರೆ ಇನ್ನೂ ಕಡಿಮೆ. ಎಷ್ಟು ಭಾಗ ಒಟ್ಟಾದರೆ ಅದು ಕಾರು, ಎಷ್ಟಾದರೆ ಬರಿಯ ಭಾಗ? ಸ್ಕೋಡಾ ಆಟೊ ಫೋಕ್ಸ್‌ವ್ಯಾಗನ್ ಇಂಡಿಯಾ ಕಂಪನಿಗೆ 2024ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಇಲಾಖೆ ಕೊಟ್ಟ 140 ಕೋಟಿ ಡಾಲರಿನ ನೋಟಿಸು ಇದೇ ಪ್ರಶ್ನೆಯ ಮೇಲೆ ನಿಂತಿದೆ. ಆಡಿ ಎ4, ಕ್ಯೂ5 ಮುಂತಾದ ಕಾರುಗಳನ್ನು ಬಹುತೇಕ ಪೂರ್ತಿಯಾಗಿ, ಆದರೆ ಬೇರೆ ಬೇರೆ ಸರಕಿನಲ್ಲಿ ತರಿಸಿ, ಶೇ 30ರಿಂದ 35ರ ಬದಲು ಶೇ 5ರಿಂದ 15ರ ಸುಂಕ ಕಟ್ಟಿತೆಂಬುದು ಇಲಾಖೆಯ ಆರೋಪ. ಕಂಪನಿ ಅದನ್ನು ಅಲ್ಲಗಳೆದು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಸರ್ಕಾರಕ್ಕೆ ಭಾಗಗಳ ಮೂಲ ಗೊತ್ತಿರಬೇಕೆಂಬ ಆಸಕ್ತಿ ಇಷ್ಟು ತೀವ್ರವಾಗಿರುವಾಗ, ಅದೇ ಮಾಹಿತಿ ಕಾರು ಕೊಳ್ಳುವವನಿಗೂ ತಲುಪಬೇಕೆಂದು ಯಾರೂ ಒತ್ತಾಯಿಸದಿರುವುದು ನನಗೆ ನೋವಿನ ಸಂಗತಿ. ಅಮೆರಿಕದ ಚೀಟಿಯಂಥದ್ದು, ಎಷ್ಟೇ ಅರೆಬರೆಯಾಗಿದ್ದರೂ, ನಮ್ಮ ಶೋರೂಮಿನ ಕಾರಿನ ಗಾಜಿನ ಮೇಲೆ ಇಲ್ಲ.

ಬದಲಿ ಕಾರಿನ ಪದ್ಧತಿಯೂ ಇಲ್ಲಿ ಗಟ್ಟಿಯಾಗಿ ಬೇರೂರಿಲ್ಲ. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವಂತಿಲ್ಲ. ತಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರಬೇಕು. ಡೀಲರ್ ಕೊಡುವುದಾದರೆ ತನ್ನ ಹೆಸರಿನಲ್ಲಿ ನೋಂದಾಯಿಸಿದ ಕಾರನ್ನು ಉಚಿತವಾಗಿ ಕೊಡಬೇಕು. ವಿಮಾ ಕಂಪನಿಗಳು ಮಾರುವ ದಿನಭತ್ಯೆಯ ಹೆಚ್ಚುವರಿ ರಕ್ಷಣೆ ಸಾಮಾನ್ಯವಾಗಿ ಅಪಘಾತದ ದುರಸ್ತಿಗೆ ಸಂಬಂಧಿಸಿದ್ದು. ಜರ್ಮನಿಯಿಂದ ಸೆನ್ಸರ್ ಬರಲೆಂದು ಕಾಯುವ ಎರಡು ತಿಂಗಳಿಗೆ ಅದು ಒದಗುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಆರಂಭಿಸಿದ ದುರಸ್ತಿ ಹಕ್ಕಿನ ಪೋರ್ಟಲಿನಲ್ಲಿ ವಾಹನ ವಲಯವೂ ಸೇರಿದೆ. ಆದರೆ ಭಾಗವನ್ನು ಎಷ್ಟು ದಿನದೊಳಗೆ ಒದಗಿಸಬೇಕು, ಒದಗಿಸದಿದ್ದರೆ ಬದಲಿ ಕಾರು ಕೊಡಬೇಕೇ ಎಂಬುದನ್ನು ಅದು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಸದ್ಯಕ್ಕೆ ಉಳಿದಿರುವ ದಾರಿ ಖರೀದಿ ಪತ್ರದಲ್ಲೇ ಅವೆರಡನ್ನೂ ಬರೆಸಿಕೊಳ್ಳುವುದು, ಬರೆಯಲು ಒಪ್ಪದಿದ್ದರೆ ಒಪ್ಪಲಿಲ್ಲವೆಂಬುದನ್ನಾದರೂ ಮಿಂಚಂಚೆಯಲ್ಲಿ ದಾಖಲಿಸುವುದು, ಮತ್ತು ತಕರಾರು ಬಂದಾಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು, ಕಾರಿನ ಬೆಲೆಗೆ ತಕ್ಕಂತೆ ಜಿಲ್ಲಾ ಅಥವಾ ರಾಜ್ಯ ಗ್ರಾಹಕ ಆಯೋಗದ ಮುಂದೆ ಹೋಗುವುದು. ಕೋಟಿ ರೂಪಾಯಿಯ ಕಾರು ಕೊಂಡವರ ದೂರು ಶ್ರೀಮಂತರ ಗೊಣಗಾಟವೆಂದು ತಳ್ಳಿಹಾಕುವವರಿದ್ದಾರೆ. ನಿಯಮವೊಂದು ರೂಪುಗೊಂಡರೆ ಅದರ ಫಲ ಹತ್ತು ಲಕ್ಷದ ಕಾರಿಗೆ ಏರ್‌ಬ್ಯಾಗ್ ಘಟಕಕ್ಕಾಗಿ ಕಾಯುತ್ತಿರುವವರಿಗೂ ಸಿಗುತ್ತದೆ ಎಂಬುದನ್ನು ಅವರು ಯೋಚಿಸಬೇಕು.

ಪ್ರತಿ ಭಾಗದ ಮೂಲವನ್ನೂ ದಾಖಲಿಸುವುದು ಅಸಾಧ್ಯ ಎಂದು ಕಂಪನಿಗಳು ಹೇಳುತ್ತ ಬಂದಿವೆ. ಒಂದು ಕಾರಿನಲ್ಲಿ ಸಾವಿರಾರು ಭಾಗಗಳಿರುವುದರಿಂದ ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ 2024ರಲ್ಲಿ ಬಂದರಿನಲ್ಲಿ ಕಾರುಗಳು ನಿಂತಾಗ ಯಾವ ಕಾರಿನಲ್ಲಿ ಆ ಟ್ರಾನ್ಸ್‌ಫಾರ್ಮರ್ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಫೋಕ್ಸ್‌ವ್ಯಾಗನ್ ಸಮೂಹ ಪತ್ತೆಹಚ್ಚಿತು. ಒತ್ತಡ ಬಂದಾಗ ಸಾಧ್ಯವಾದದ್ದು ಉಳಿದ ದಿನಗಳಲ್ಲಿ ಅಸಾಧ್ಯ ಹೇಗಾದೀತು? ಯುರೋಪ್ ಒಕ್ಕೂಟ ಈ ದಿಕ್ಕಿನಲ್ಲಿ ಎರಡು ಹೆಜ್ಜೆ ಇಟ್ಟಿದೆ. ಬಲವಂತದ ದುಡಿಮೆಯಿಂದ ತಯಾರಾದ ಯಾವ ವಸ್ತುವೂ ತನ್ನ ಮಾರುಕಟ್ಟೆಗೆ ಬಾರದಂತೆ ತಡೆಯುವ ಅದರ ನಿಯಮ 2027ರ ಡಿಸೆಂಬರ್‌ನಿಂದ ಅನ್ವಯವಾಗುತ್ತದೆ. ಅದಕ್ಕೂ ಮೊದಲು, 2027ರ ಫೆಬ್ರುವರಿ 18ರಿಂದ, ಅಲ್ಲಿ ಮಾರಾಟಕ್ಕೆ ಬರುವ ವಿದ್ಯುತ್ ವಾಹನಗಳ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ: ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತಯಾರಕ ಯಾರು, ಎಲ್ಲಿ ತಯಾರಾಯಿತು, ಒಳಗೆ ಏನಿದೆ ಎಂಬ ವಿವರಗಳು ತೆರೆದುಕೊಳ್ಳಬೇಕು. ಅಂದಿನಿಂದ ಅಲ್ಲಿ ಪೋರ್ಷೆಯ ವಿದ್ಯುತ್ ಕಾರು ಟೈಕಾನ್ ಕೊಳ್ಳುವವರು ತಮ್ಮ ಕಾರಿನ ಅತ್ಯಂತ ದುಬಾರಿ ಭಾಗದ ಜಾತಕವನ್ನು ಫೋನಿನಲ್ಲಿ ನೋಡಬಹುದು. ಅದೇ ಕಾರಿನ ಪೆಡಲಿಗೆ, ವೈರಿಂಗ್ ಹಾರ್ನೆಸ್ಸಿಗೆ, ಐದು ವರ್ಷದ ನಂತರ ಬದಲಾಯಿಸುವ ಎಲೆಕ್ಟ್ರಾನಿಕ್ ಘಟಕಕ್ಕೆ ಅಂಥ ಕೋಡ್ ಇನ್ನೂ ಇಲ್ಲ.